ಅರ್ಧ ರೇಟಿಗೆ ವಿದೇಶಿ ಸಿಸಿ ಕ್ಯಾಮೆರಾ ಅಂದ್ರೆ ಹುಷಾರು, ದುಡ್ಡು ಕೊಡೋ ಮುಂಚೆ ಇದನ್ನ ಓದಿ

ಊರಲ್ಲಿ ಅಪ್ಪ ಅಮ್ಮ ಇಬ್ರೇ ಇರೋದು ಅಂತ ಮನೆ ಸುತ್ತ ನಾಲ್ಕು ವೈಫೈ ಕ್ಯಾಮೆರಾ ಹಾಕಿಸ್ದೆ. ಹೆಸರಾಂತ ವಿದೇಶಿ ಬ್ರ್ಯಾಂಡು, ಅರ್ಧ ರೇಟು, ಜೊತೆಗೆ ವಿಡಿಯೋನ ಕಂಪನಿ ಸರ್ವರ್‌ನಲ್ಲಿ ಉಳಿಸೋ ಮೂರು ವರ್ಷದ ಕ್ಲೌಡ್ ಪ್ಲಾನು, ದುಡ್ಡೆಲ್ಲಾ ಮೊದಲೇ ಕಟ್ಟಿಸ್ಕೊಂಡ್ರು. ಇಷ್ಟು ಕಮ್ಮಿ ಯಾಕ್ರೀ, ಕಂಪನಿ ಏನಾದ್ರೂ ಗಂಟುಮೂಟೆ ಕಟ್ತಿದ್ಯಾ ಅಂತ ಬಾಯಿ ಬಿಟ್ಟೇ ಕೇಳಿದ್ದೆ. ಡೀಲರ್ ನಕ್ಕ. "ಸಾರ್, ಇಂಡಿಯಾದಲ್ಲಿ ಈಗ ಸಂದಿಗೊಂದಿಗೂ ಕ್ಯಾಮೆರಾ ಹಾಕಿಸ್ತಿದಾರೆ, ಹಿಂಗೆ ಬೆಳೀತಿರೋ ಮಾರ್ಕೆಟ್ ಬಿಟ್ಟು ಯಾರಾದ್ರೂ ಹೋಗ್ತಾರಾ?"

ಹೋದ್ರು! ಒಂದು ರಾತ್ರಿ ಆ್ಯಪ್ ತೆಗೆದ್ರೆ ನಾಲ್ಕೂ ಚೌಕ ಕಪ್ಪು, ಕೆಳಗೆ 'ಸರ್ವೀಸ್ ನಾಟ್ ಅವೈಲಬಲ್ ಇನ್ ಯುವರ್ ರೀಜನ್'. ಕಸ್ಟಮರ್ ಕೇರ್‌ನವ್ರು ಮೊದ್ಲು ರೂಟರ್ ಆಫ್ ಮಾಡಿ ಆನ್ ಮಾಡಿ ಅಂದ್ರು, 70 ದಾಟಿದ ಅಪ್ಪ ಸ್ಟೂಲ್ ಹತ್ತಿ ಅದನ್ನೂ ಮಾಡಿದ್ರು, ಆಮೇಲೆ ಮೇಲ್ ಬಂತು, ಬಿಸಿನೆಸ್ ರಿವ್ಯೂ ಆಗಿ ಇಂಡಿಯಾ ಸೇವೆ ನಿಲ್ಸಿದೀವಿ, ನಿಮ್ಮ ಸಹಕಾರಕ್ಕೆ ಧನ್ಯವಾದ. ರೀಫಂಡ್ ಮಾತೇ ಇಲ್ಲ! ಡೀಲರ್ ಏನಂದ ಗೊತ್ತಾ, "ಅದು ಕಂಪನಿ ವಿಷ್ಯ ಸಾರ್, ನಮ್ದು ಬರೀ ಸೇಲು, ಬೇಕಾದ್ರೆ ಬೇರೆ ಬ್ರ್ಯಾಂಡ್ ಹಾಕ್ಕೊಡ್ತೀನಿ". ಅಪ್ಪನಿಗೆ ಏನಂತ ಹೇಳೋದು ನಾನು? ಮೈಯೆಲ್ಲ ಉರೀತು.

ಕಾರಣ ಆಮೇಲೆ ಗೊತ್ತಾಯ್ತು. 2025ರ ಏಪ್ರಿಲ್ 9ರಿಂದ ಇಲ್ಲಿ ಮಾರೋ ಸಿಸಿ ಕ್ಯಾಮೆರಾಗಳನ್ನ ಹಾರ್ಡ್‌ವೇರ್, ಸಾಫ್ಟ್‌ವೇರ್, ಸೋರ್ಸ್ ಕೋಡ್ (ಸಾಫ್ಟ್‌ವೇರ್‌ನ ಮೂಲ ಬರಹ) ಸಮೇತ ಸರ್ಕಾರಿ ಮಾನ್ಯತೆಯ ಲ್ಯಾಬ್‌ನಲ್ಲಿ ಟೆಸ್ಟ್ ಮಾಡಿಸ್ಬೇಕು. ರೂಲ್ಸ್ ಬಂದಿದ್ದು ನಮ್ಮ ಸೇಫ್ಟಿಗೇ, ತಪ್ಪಿಲ್ಲ. ಆದ್ರೆ ಸೋರ್ಸ್ ಕೋಡ್ ತೋರಿಸೋಕೆ ಇಷ್ಟ ಇಲ್ದೋರು, ಕಮ್ಮಿ ಮಾರ್ಜಿನ್‌ನಲ್ಲಿ ಟೆಸ್ಟಿಂಗ್ ಖರ್ಚು ಗಿಟ್ಟಲ್ಲ ಅನ್ನೋರು ಮಾರ್ಕೆಟ್ ಎಷ್ಟೇ ಬೆಳೀಲಿ ಜಾಗ ಖಾಲಿ ಮಾಡ್ತಾರೆ. ಈ ವ್ಯಾಪಾರದಲ್ಲೇ ಇರೋ ಡೀಲರ್‌ಗೆ ಇದು ಗೊತ್ತಿರ್ಲಿಲ್ವಾ? ಸ್ಟಾಕ್ ಖಾಲಿ ಮಾಡೋಕೆ ನನ್ನ ತಲೆಗೆ ಕಟ್ಟಿದಾನೆ ಅಷ್ಟೇ.

ಮಾರ್ಕೆಟ್ ಬೆಳೆದ್ರೆ ಲಾಭ ಆ ಕಂಪನಿಗೇ ಬರುತ್ತೆ ಅಂತೇನಿಲ್ಲ. ಊಬರ್ ಚೀನಾದಲ್ಲಿ ವರ್ಷಕ್ಕೆ 1 ಬಿಲಿಯನ್ ಡಾಲರ್ ಕಳ್ಕೊಂಡು 2016ರಲ್ಲಿ ಅಲ್ಲಿನ ವ್ಯಾಪಾರನ ದೀದಿ ಅನ್ನೋ ಚೀನಾದ ಟ್ಯಾಕ್ಸಿ ಆ್ಯಪ್ ಕಂಪನಿಗೆ ಮಾರಿ ಬಂತು. ಅಮೆಜಾನ್ 2023ರ ಜೂನ್ 30ಕ್ಕೆ ಚೀನಾದ ಕಿಂಡಲ್ ಪುಸ್ತಕದಂಗಡಿ ಮುಚ್ತು, ಆದ್ರೆ ಒಂದು ವರ್ಷ ಮುಂಚೇನೇ ಹೇಳಿತ್ತು, ಕೊಂಡ ಪುಸ್ತಕ ಡೌನ್‌ಲೋಡ್ ಮಾಡ್ಕೊಳ್ಳೋಕೆ ಇನ್ನೊಂದು ವರ್ಷ ಟೈಮ್ ಕೊಡ್ತು. ನಮಗೆ ಮುಂಚಿತವಾಗಿ ಒಂದು ಎಸ್ಸೆಮ್ಮೆಸ್ಸೂ ಇಲ್ಲ!

ಅದಕ್ಕೇ ಕ್ಯಾಮೆರಾ ತಗೊಳ್ಳೋ ಮುಂಚೆ ಡೀಲರ್‌ಗೆ ಎಸ್‌ಟಿಕ್ಯೂಸಿ (ಕೇಂದ್ರ ಸರ್ಕಾರದ ಟೆಸ್ಟಿಂಗ್ ಸಂಸ್ಥೆ) ಸರ್ಟಿಫಿಕೇಟ್ ತೋರಿಸಿ ಅನ್ನಿ. ಮೆಮೊರಿ ಕಾರ್ಡ್ ಹಾಕಿದ್ರೆ ಕ್ಲೌಡ್ ಇಲ್ದೆನೂ ರೆಕಾರ್ಡ್ ಆಗೋದನ್ನೇ ತಗೊಳ್ಳಿ. ವರ್ಷಗಟ್ಲೆ ಪ್ಲಾನ್‌ಗೆ ಮುಂಗಡ ಕಟ್ಲೇಬೇಡಿ. ಗ್ರಾಹಕರ ಸಹಾಯವಾಣಿ 1915ಕ್ಕೆ ಕಂಪ್ಲೇಂಟ್ ಕೊಟ್ಟಿದೀನಿ, ಡೀಲರ್ ನನ್ನ ಫೋನೇ ಎತ್ತಲ್ಲ, ಅವನ ಅಂಗಡೀಲಿ ಅದೇ ಡಬ್ಬ ಇವತ್ತೂ ಅರ್ಧ ರೇಟಿಗೆ ಮಾರಾಟಕ್ಕಿದೆ.