ನಿದ್ದೆಯಲ್ಲಿ 41: ದೂರ ಓಡುವವರ ಕೈಗೆ ಈ ವಾಚ್ ಹೊಂದುತ್ತದಾ?

ಎಂಟು ತಿಂಗಳಿಂದ ಈ ಸ್ಮಾರ್ಟ್ ವಾಚ್ ಕಟ್ಟುತ್ತಿದ್ದೇನೆ. ಸ್ನಾನ ಮತ್ತು ಚಾರ್ಜಿಂಗ್ ಹೊತ್ತು ಬಿಟ್ಟರೆ ಕೈಯಿಂದ ಇಳಿದೇ ಇಲ್ಲ. ಮ್ಯಾರಥಾನ್ ಓಡುವವರು ತಗೊಳ್ಳಬಹುದಾ? ಖಂಡಿತ ತಗೊಳ್ಳಿ. ಆದರೆ ಎರಡು ವಿಷಯ ಗೊತ್ತಿರಲಿ.

ಮೊದಲ ರಾತ್ರಿಯೇ ಎರಡು ಗಂಟೆಗೆ ಮಣಿಕಟ್ಟಿನ ಮೇಲೆ ಗುರ್ ಅಂತ ನಡುಗಿ ಎಬ್ಬಿಸಿತು. ಎದೆಬಡಿತ 45ಕ್ಕಿಂತ ಕಡಿಮೆ ಅಂತ ಎಚ್ಚರಿಕೆ. ನೋಡಿದರೆ 41. ತುಂಬಾ ಹೆದರಿದೆ. ಬೆಳಗ್ಗೆ ಏಳುವ ಮೊದಲು ಹೆಬ್ಬೆರಳ ಬುಡದಲ್ಲಿ ಎರಡು ಬೆರಳಿಟ್ಟು, ಗಡಿಯಾರ ನೋಡುತ್ತಾ ಪೂರ್ತಿ ಒಂದು ನಿಮಿಷ ನಾಡಿ ಎಣಿಸಿದೆ. 46. ವಾಚಿನಲ್ಲೂ 46. ಅಂದರೆ ಅದರ ಲೆಕ್ಕ ಸರಿಯಾಗಿಯೇ ಇತ್ತು.

ಇಸಿಜಿ ತೆಗೆಸಿದೆ. ತಲೆಸುತ್ತು ಬರುತ್ತದಾ, ಕಣ್ಣು ಕತ್ತಲಾಗುತ್ತದಾ, ಪ್ರಜ್ಞೆ ತಪ್ಪಿದ್ದೀರಾ ಅಂತ ಡಾಕ್ಟರ್ ಒಂದೊಂದಾಗಿ ಕೇಳಿದರು. ಯಾವುದೂ ಇಲ್ಲ. ದೊಡ್ಡವರಿಗೆ ಸುಮ್ಮನೆ ಕೂತಾಗ ಸಾಮಾನ್ಯವಾಗಿ 60ರಿಂದ 100 ಇರುತ್ತದೆ, ಆದರೆ ವರ್ಷಗಟ್ಟಲೆ ದೂರ ಓಡಿದವರಿಗೆ 40ರ ಆಸುಪಾಸಿಗೆ ಇಳಿಯುವುದು ಹೊಸದೇನಲ್ಲ. ಹೃದಯದ ಎಡಗಡೆ ಕೆಳಕೋಣೆ ಹಿಗ್ಗಿ, ಒಂದೇ ಬಡಿತಕ್ಕೆ ಜಾಸ್ತಿ ರಕ್ತ ತಳ್ಳುತ್ತದೆ. ಸುಮಾರಾಗಿ ಲೆಕ್ಕ ಹಾಕಿ: ಒಬ್ಬರಿಗೆ ಬಡಿತಕ್ಕೆ 70 ಮಿಲಿಯಂತೆ 70 ಸಲ, ಇನ್ನೊಬ್ಬರಿಗೆ 110 ಮಿಲಿಯಂತೆ 45 ಸಲ. ಎರಡೂ ನಿಮಿಷಕ್ಕೆ ಹತ್ತಿರ ಹತ್ತಿರ 5 ಲೀಟರ್, ಅಲ್ವಾ? ಜೊತೆಗೆ ಮಿದುಳಿನಿಂದ ಬಂದು ಬಡಿತವನ್ನು ನಿಧಾನ ಮಾಡುವ ವೇಗಸ್ ನರದ ಪ್ರಭಾವವಿದೆ, ಹೃದಯದಲ್ಲಿ ಬಡಿತ ಹುಟ್ಟಿಸುವ ಜಾಗವೇ ನಿಧಾನ ಲಯಕ್ಕೆ ಹೊಂದಿಕೊಳ್ಳುವುದೂ ಇದೆ. ವಾಚಿನ ಜೊತೆ ಬಂದ ಪುಸ್ತಕದಲ್ಲಿ ಇದರ ಬಗ್ಗೆ ಒಂದು ಸಾಲೂ ಇಲ್ಲ. ಇದು ನನಗೆ ನಿಜಕ್ಕೂ ಬೇಸರ ತಂದ ವಿಷಯ.

ಎರಡನೆಯದು ಓಡುವಾಗಿನ ತೊಂದರೆ. ಆರಾಮಾಗಿ ಮಾತಾಡಿಕೊಂಡು ಓಡುತ್ತಿದ್ದೆ, ವಾಚ್ ಎದೆಬಡಿತ 172 ಅನ್ನುತ್ತಿತ್ತು. ಹೆಜ್ಜೆ ಎಣಿಸಿದರೆ ಅದೂ ನಿಮಿಷಕ್ಕೆ 172! ವಾಚಿನ ತಳದಲ್ಲಿರುವ, ಬಡಿತ ಅಳೆಯುವ ಹಸಿರು ಬೆಳಕು ಚರ್ಮದ ಕೆಳಗಿನ ರಕ್ತದ ಏರಿಳಿತ ನೋಡುವ ಬದಲು ಕೈಯ ಕುಲುಕಾಟವನ್ನೇ ಬಡಿತ ಅಂದುಕೊಂಡಿತ್ತು. ಮಾರನೇ ದಿನ ಅದೇ ವೇಗದಲ್ಲಿ ಚೆಸ್ಟ್ ಸ್ಟ್ರಾಪ್ (ಎದೆಗೆ ಕಟ್ಟಿಕೊಂಡು ಬಡಿತ ಅಳೆಯುವ ಪಟ್ಟಿ) ತೋರಿಸಿದ್ದು 134. ವಾಚಿನ ಪಟ್ಟಿ ಬಿಗಿ ಮಾಡಿ ಮಣಿಕಟ್ಟಿನ ಮೂಳೆಯಿಂದ ಸ್ವಲ್ಪ ಮೇಲಕ್ಕೆ ಕಟ್ಟಿದ ಮೇಲೆ ಎಷ್ಟೋ ವಾಸಿ. ಆದರೂ ಜೋರು ಓಟಕ್ಕೆ ನಾನು ಸ್ಟ್ರಾಪನ್ನೇ ನಂಬುತ್ತೇನೆ.

ವಾಚ್ ದುಡ್ಡು ವಸೂಲು ಮಾಡುವುದು ಬೆಳಗಿನ ಅಂಕಿಯಲ್ಲಿ. ಕಳೆದ ತಿಂಗಳು 46 ಇದ್ದದ್ದು ಒಂದು ಬೆಳಗ್ಗೆ 54 ಆಗಿತ್ತು. ಓಟ ಬಿಟ್ಟು ಮಲಗಿದೆ. ಸಂಜೆಗೆ ಜ್ವರ ಬಂತು.

ಕಡಿಮೆ ಬಡಿತದ ಎಚ್ಚರಿಕೆಯನ್ನು ಆಫ್ ಮಾಡಿಲ್ಲ. ಡಾಕ್ಟರನ್ನು ಕೇಳಿಯೇ 38ಕ್ಕೆ ಇಳಿಸಿದ್ದೇನೆ. ಆಮೇಲೆ ರಾತ್ರಿ ಒಮ್ಮೆಯೂ ಎಬ್ಬಿಸಿಲ್ಲ.