ಮಲೆನಾಡಿನ ತೋಟದ ಮನೆಗೊಂದು ಚಾರ್ಜ್ ಕಂಟ್ರೋಲರ್: ವಿಕ್ಟ್ರಾನ್ ಸ್ಮಾರ್ಟ್‌ಸೋಲಾರ್ 100/30

ಸೋಲಾರ್ ಪ್ಯಾನಲಿನ ವಿದ್ಯುತ್ತನ್ನು ಹದಮಾಡಿ ಬ್ಯಾಟರಿಗೆ ತುಂಬುವ ಚಾರ್ಜ್ ಕಂಟ್ರೋಲರ್ ಕೊಳ್ಳಲು ಹೋದವರು ಅಂಗಡಿಯಲ್ಲಿ ಮೊದಲು ಕೇಳುವುದು ‘ಇದು ಎಷ್ಟು ಆಂಪಿಂದು?’ ಎಂದು. ಬ್ಯಾಟರಿಯ ಕಡೆಯಿಂದ ನೋಡಿದರೆ ಆ ಪ್ರಶ್ನೆ ಸರಿಯಾದದ್ದೇ. ಆದರೆ ಕಂಟ್ರೋಲರ್ ಬಹುಕಾಲ ಬಾಳುತ್ತದೆಯೋ ಮೊದಲ ಚಳಿಗಾಲದಲ್ಲೇ ಸುಟ್ಟುಹೋಗುತ್ತದೆಯೋ ಎಂಬುದು ತೀರ್ಮಾನವಾಗುವುದು ಆಂಪಿನ ಲೆಕ್ಕದಲ್ಲಲ್ಲ. ಡಿಸೆಂಬರ್ ತಿಂಗಳ ಬೆಳಗ್ಗೆ, ತಣ್ಣಗಿರುವ ಪ್ಯಾನಲ್‌ಗಳ ಮೇಲೆ ಮೊದಲ ಬಿಸಿಲು ಬಿದ್ದಾಗ ಅವು ಹೊಮ್ಮಿಸುವ ವೋಲ್ಟೇಜಿನಲ್ಲಿ. ನೆದರ್ಲೆಂಡ್ಸಿನ ವಿಕ್ಟ್ರಾನ್ ಕಂಪನಿಯ ಸ್ಮಾರ್ಟ್‌ಸೋಲಾರ್ ಎಂಪಿಪಿಟಿ 100/30 ಎಂಬ ಮಾದರಿಯ ಹೆಸರಿನಲ್ಲಿಯೇ ಈ ಎರಡೂ ಮಿತಿಗಳಿವೆ: ಪ್ಯಾನಲ್ ಕಡೆಯಿಂದ ಗರಿಷ್ಠ 100 ವೋಲ್ಟ್, ಬ್ಯಾಟರಿ ಕಡೆಗೆ ಗರಿಷ್ಠ 30 ಆಂಪ್. ಇವೆರಡರಲ್ಲಿ ಮೊದಲನೆಯ ಅಂಕಿಯನ್ನು ಓದದೆ ಎರಡನೆಯದನ್ನು ಮಾತ್ರ ನೋಡಿ ಕೊಳ್ಳುವವರೇ ಹೆಚ್ಚು.

ಈ ಉಪಕರಣ ನಮ್ಮಲ್ಲಿ ಕೆಲಸ ಮಾಡುತ್ತಿರುವುದು ತೀರ್ಥಹಳ್ಳಿ ತಾಲ್ಲೂಕಿನ, ಆಗುಂಬೆಯ ಮಗ್ಗುಲಿನ ಒಂದು ಅಡಿಕೆ ತೋಟದ ಮನೆಯಲ್ಲಿ. ವಿದ್ಯುತ್ ಕಂಬಗಳು ಅಲ್ಲಿಗೆ ಬಂದಿಲ್ಲ. ದೀಪಗಳು, ಒಂದು ಸಣ್ಣ ಫ್ರಿಜ್, ಮಿಕ್ಸಿ, ಟಿವಿ, ಮೊಬೈಲುಗಳು, ಇಷ್ಟು ಅದರ ಮೇಲಿರುವ ಹೊರೆ. ಬ್ಯಾಟರಿಗಳು 12 ವೋಲ್ಟಿನ, 150 ಎಎಚ್ (ಆಂಪಿಯರ್-ಅವರ್) ಸಾಮರ್ಥ್ಯದ ಎರಡು ಟ್ಯೂಬ್ಯುಲರ್‌ಗಳು. ಸಿರೀಸ್‌ನಲ್ಲಿ, ಅಂದರೆ ಒಂದರ ಹಿಂದೊಂದಾಗಿ, ಸೇರಿ 24 ವೋಲ್ಟಿನ ವ್ಯವಸ್ಥೆ. ಛಾವಣಿಯ ಮೇಲೆ 540 ವ್ಯಾಟಿನ ಎರಡು ಹಾಫ್‌ಕಟ್ ಪ್ಯಾನಲ್‌ಗಳಿವೆ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಮೀರಿ ಮಳೆ ಸುರಿಯುತ್ತದೆ ಎಂಬುದನ್ನು ನೆನಪಿಸಿಕೊಂಡರೆ, ಇಲ್ಲಿ ಕಂಟ್ರೋಲರಿನ ಪರೀಕ್ಷೆ ನಡೆಯುವುದು ಬೇಸಿಗೆಯಲ್ಲಲ್ಲ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಎಂಬುದು ಅರ್ಥವಾಗುತ್ತದೆ.

ಪ್ಯಾನಲ್ ಗರಿಷ್ಠ ಶಕ್ತಿ ಕೊಡುವ ಬಿಂದುವನ್ನು ಹಿಂಬಾಲಿಸುವ ಎಂಪಿಪಿಟಿ ಬಗೆಯ ಕಂಟ್ರೋಲರ್ ಏಕೆ, ಕಡಿಮೆ ಬೆಲೆಯ ಪಿಡಬ್ಲ್ಯೂಎಂ ಬಗೆಯದು ಏಕೆ ಸಾಲದು ಎಂಬುದಕ್ಕೆ ಈ ಪ್ಯಾನಲ್‌ಗಳೇ ಉತ್ತರ. ಪಿಡಬ್ಲ್ಯೂಎಂ ಕಂಟ್ರೋಲರ್ ಪ್ಯಾನಲನ್ನು ನೇರವಾಗಿ ಬ್ಯಾಟರಿಗೆ ಜೋಡಿಸುವ, ಬ್ಯಾಟರಿ ತುಂಬುತ್ತ ಬಂದಂತೆ ಆ ಜೋಡಣೆಯನ್ನು ಕ್ಷಣಕ್ಕೆ ಹಲವು ಬಾರಿ ಕಡಿದು ಸೇರಿಸುವ ಒಂದು ಸ್ವಿಚ್ ಅಷ್ಟೇ. 540 ವ್ಯಾಟಿನ ಪ್ಯಾನಲ್ ತನ್ನ ಪೂರ್ಣ ಶಕ್ತಿಯನ್ನು ಕೊಡುವುದು ಸುಮಾರು 41 ವೋಲ್ಟಿನಲ್ಲಿ, 13 ಆಂಪಿನಂತೆ. ಅದನ್ನು ಪಿಡಬ್ಲ್ಯೂಎಂ ಮೂಲಕ 12 ವೋಲ್ಟಿನ ಬ್ಯಾಟರಿಗೆ ಕಟ್ಟಿದರೆ ಅದೇ 13 ಆಂಪ್ 14 ವೋಲ್ಟಿನಲ್ಲಿ ಹರಿಯುತ್ತದೆ. ಅಂದರೆ ದೊರೆಯುವುದು 180 ವ್ಯಾಟಿನಷ್ಟು, ಮೂರರಲ್ಲಿ ಒಂದು ಪಾಲು. 24 ವೋಲ್ಟಿನ ಬ್ಯಾಟರಿಗೆ ಕಟ್ಟಿದರೂ ಮೂರನೆಯ ಒಂದು ಭಾಗ ವ್ಯರ್ಥವೇ. ಎಂಪಿಪಿಟಿಯು ಪ್ಯಾನಲನ್ನು ಅದರ ಅನುಕೂಲದ ವೋಲ್ಟೇಜಿನಲ್ಲಿಯೇ ದುಡಿಸಿ, ಒಳಗಿನ ಪರಿವರ್ತಕದ ಮೂಲಕ ವೋಲ್ಟೇಜನ್ನು ಇಳಿಸಿ ಕರೆಂಟನ್ನು ಏರಿಸುತ್ತದೆ. ಈ ಮಾದರಿಯ ಗರಿಷ್ಠ ದಕ್ಷತೆ ಶೇ. 98 ಎಂದು ಕಂಪನಿ ಹೇಳುತ್ತದೆ.

ಹಾಗೆಂದು ಎಲ್ಲರಿಗೂ ಎಂಪಿಪಿಟಿ ಬೇಕೆಂದು ಹೇಳುವವರ ಮಾತನ್ನು ನಾನು ಒಪ್ಪುವುದಿಲ್ಲ. 36 ಸೆಲ್ಲುಗಳ ಸಣ್ಣ ಪ್ಯಾನಲನ್ನು 12 ವೋಲ್ಟಿನ ಬ್ಯಾಟರಿಗೆಂದೇ ಮಾಡಿರುತ್ತಾರೆ. ಅದರ ಕೆಲಸದ ವೋಲ್ಟೇಜು ಸುಮಾರು 18. ನಮ್ಮ ಬೇಸಿಗೆಯಲ್ಲಿ ಸೆಲ್ಲುಗಳು 60 ಡಿಗ್ರಿ ಕಾದಾಗ ಅದು 15 ಅಥವಾ 16ಕ್ಕೆ ಇಳಿದಿರುತ್ತದೆ. ಬ್ಯಾಟರಿಯೋ 14ರ ಮೇಲೆ ನಿಂತಿರುತ್ತದೆ. ಉಳಿಸಿಕೊಳ್ಳಲು ಅಲ್ಲಿ ಹೆಚ್ಚೇನೂ ಇರುವುದಿಲ್ಲ. ಚಳಿ ದೇಶಗಳ ಕೈಪಿಡಿಗಳಲ್ಲಿ ಕಾಣುವ ‘ಶೇ. 30 ಅಧಿಕ ಲಾಭ’ದ ಮಾತನ್ನು ರಾಯಚೂರಿನ ಬಿಸಿಲಿಗೆ ಅನ್ವಯಿಸುವುದು ಸರಿಯಲ್ಲ. ಬೆಂಗಳೂರಿನಲ್ಲಿ 1995ರಲ್ಲಿ ಆರಂಭವಾದ ಸೆಲ್ಕೋದಂಥ ಸೌರವಿದ್ಯುತ್ ಸಂಸ್ಥೆಗಳು ಹಳ್ಳಿಮನೆಗಳಿಗೆ ಕೊಟ್ಟ, ಎರಡು ಮೂರು ದೀಪ ಉರಿಸುವ ಬಗೆಯ ಸಣ್ಣ ವ್ಯವಸ್ಥೆಗಳಿಗೆ ಒಳ್ಳೆಯ ಪಿಡಬ್ಲ್ಯೂಎಂ ಧಾರಾಳವಾಗಿ ಸಾಕು. ಎಂಪಿಪಿಟಿ ಅನಿವಾರ್ಯವಾಗುವುದು ಪ್ಯಾನಲ್ ದೊಡ್ಡದಾದಾಗ. ಇಂದು ಮಾರುಕಟ್ಟೆಯಲ್ಲಿ ವ್ಯಾಟ್ ಲೆಕ್ಕದಲ್ಲಿ ಅಗ್ಗವಾಗಿ ಸಿಗುವುದು ದೊಡ್ಡ ಪ್ಯಾನಲ್‌ಗಳೇ ಆದ್ದರಿಂದ ಪ್ರಶ್ನೆ ತಾನಾಗಿಯೇ ಬಗೆಹರಿಯುತ್ತದೆ.

ಇಲ್ಲೊಂದು ಎಚ್ಚರಿಕೆ. ಮೈಮೇಲೆ ಎಂಪಿಪಿಟಿ ಎಂದು ಅಚ್ಚು ಹಾಕಿಸಿಕೊಂಡು, ಒಳಗೆ ಪಿಡಬ್ಲ್ಯೂಎಂ ಆಗಿರುವ ಪೆಟ್ಟಿಗೆಗಳು ಆನ್‌ಲೈನಿನಲ್ಲಿ ಬಹಳ ಇವೆ. ನಿಜವಾದ ಎಂಪಿಪಿಟಿಯೊಳಗೆ ತಾಮ್ರದ ತಂತಿ ಸುತ್ತಿದ ಕಾಯಿಲ್ ಇರಲೇಬೇಕು, ಹಾಗಾಗಿ ಅದು ಕೈಗೆ ಭಾರವೆನಿಸುತ್ತದೆ. ಅನುಮಾನವಿದ್ದರೆ, ಬ್ಯಾಟರಿ ಇನ್ನೂ ತುಂಬಿರದ ಹೊತ್ತಿನಲ್ಲಿ, ಡಿಸಿ ಅಳೆಯಬಲ್ಲ ಕ್ಲ್ಯಾಂಪ್ ಮೀಟರನ್ನು ಪ್ಯಾನಲ್ ತಂತಿಗೆ ಒಮ್ಮೆ, ಬ್ಯಾಟರಿ ತಂತಿಗೆ ಒಮ್ಮೆ ಹಾಕಿ ನೋಡಬೇಕು. ಪ್ಯಾನಲಿನ ಚೀಟಿಯಲ್ಲಿರುವ ಕೆಲಸದ ವೋಲ್ಟೇಜ್ ಬ್ಯಾಟರಿಗಿಂತ ಬಹಳ ಹೆಚ್ಚಿನದಾಗಿದ್ದೂ ಎರಡು ಕಡೆಯ ಆಂಪ್ ಒಂದೇ ಬಂದರೆ ಅದು ಎಂಪಿಪಿಟಿಯಲ್ಲ.

ಈಗ 100 ವೋಲ್ಟಿನ ವಿಷಯ. ನಮ್ಮ ಪ್ಯಾನಲಿನ ಹಿಂಬದಿಯ ಚೀಟಿಯಲ್ಲಿ ಓಪನ್ ಸರ್ಕ್ಯೂಟ್ ವೋಲ್ಟೇಜ್, ಅಂದರೆ ಯಾವ ಹೊರೆಯನ್ನೂ ಜೋಡಿಸದಿದ್ದಾಗಿನ ವೋಲ್ಟೇಜ್, ಸುಮಾರು 49.5 ಎಂದಿದೆ. ಎರಡನ್ನು ಸಿರೀಸ್‌ನಲ್ಲಿ ಜೋಡಿಸಿದರೆ 99 ವೋಲ್ಟ್. ಕಾಗದದ ಮೇಲೆ 100ರೊಳಗೇ ಇದೆ ಎಂದು ಅನೇಕ ಎಲೆಕ್ಟ್ರಿಷಿಯನ್‌ಗಳು ಹಾಗೆಯೇ ಜೋಡಿಸಿಬಿಡುತ್ತಾರೆ. ಆದರೆ ಚೀಟಿಯ ಮೇಲಿನ ಅಂಕಿ ಸೆಲ್ಲುಗಳು 25 ಡಿಗ್ರಿಯಲ್ಲಿದ್ದಾಗಿನದು. ಉಷ್ಣತೆ ಒಂದು ಡಿಗ್ರಿ ಇಳಿದಂತೆಲ್ಲ ವೋಲ್ಟೇಜ್ ಶೇ. 0.27ರಿಂದ 0.3ರಷ್ಟು ಏರುತ್ತದೆ. ಮಲೆನಾಡಿನ ಚಳಿಗಾಲದ ಬೆಳಗ್ಗೆ ಹತ್ತು ಡಿಗ್ರಿ ಇದ್ದರೆ ಈ 99 ಎಂಬುದು 103 ಆಗುತ್ತದೆ. ಆಂಪ್ ಮಿತಿ ಮೀರಿದರೆ ಕಂಟ್ರೋಲರ್ ತನ್ನನ್ನು ತಾನು ತಡೆದುಕೊಳ್ಳುತ್ತದೆ, ವೋಲ್ಟೇಜ್ ಮಿತಿ ಮೀರಿದರೆ ಅದರೊಳಗಿನ ಘಟಕಗಳಿಗೆ ಪೆಟ್ಟು ಬೀಳುತ್ತದೆ. ಹಳೆಯ 335 ವ್ಯಾಟಿನ, 72 ಸೆಲ್ಲುಗಳ ಪ್ಯಾನಲ್‌ಗಳಾದರೆ ಒಂದೊಂದಕ್ಕೆ ಸುಮಾರು 46 ವೋಲ್ಟ್. ಅವೆರಡು ಸಿರೀಸ್‌ನಲ್ಲಿ ಹತ್ತು ಡಿಗ್ರಿಯಲ್ಲೂ 96ರ ಆಸುಪಾಸಿನಲ್ಲಿ ನಿಲ್ಲುತ್ತವೆ, ಹೇಗೋ ಒಗ್ಗುತ್ತದೆ. ನಮ್ಮವನ್ನು ಮಾತ್ರ ಪ್ಯಾರಲಲ್ ಆಗಿಯೇ, ಅಂದರೆ ವೋಲ್ಟೇಜ್ ಏರದೆ ಆಂಪ್ ಮಾತ್ರ ಕೂಡುವಂತೆ, ಜೋಡಿಸಬೇಕಾಯಿತು.

ಪ್ಯಾರಲಲ್ ಜೋಡಣೆಯಿಂದ ಚಾರ್ಜಿಂಗ್‌ಗೆ ತೊಂದರೆಯಿಲ್ಲ. ಈ ಕಂಟ್ರೋಲರ್ ಕೆಲಸ ಆರಂಭಿಸಲು ಪ್ಯಾನಲ್ ವೋಲ್ಟೇಜ್ ಬ್ಯಾಟರಿಗಿಂತ 5 ವೋಲ್ಟ್ ಮೇಲಿರಬೇಕು, ಆರಂಭವಾದ ಮೇಲೆ 1 ವೋಲ್ಟ್ ಮೇಲಿದ್ದರೆ ಸಾಕು. ಬಿಸಿಯಾದ ಪ್ಯಾನಲ್ ಕೂಡ 35 ವೋಲ್ಟಿನ ಸುತ್ತಮುತ್ತ ಕೊಡುವುದರಿಂದ, 28.8 ವೋಲ್ಟಿಗೆ ಏರಿದ ಬ್ಯಾಟರಿಯನ್ನೂ ಅದು ನಿರಾತಂಕವಾಗಿ ತುಂಬಿಸುತ್ತದೆ.

24 ವೋಲ್ಟಿನ ವ್ಯವಸ್ಥೆಗೆ ಈ ಮಾದರಿಯ ಶಿಫಾರಸು 880 ವ್ಯಾಟ್. ನಮ್ಮಲ್ಲಿರುವುದು 1,080. ಇದು ತಪ್ಪಲ್ಲವೇ ಎಂದು ಕೇಳುವವರಿಗೆ ಉತ್ತರವಿಷ್ಟೆ: ವೋಲ್ಟೇಜ್ 100ರೊಳಗೆ, ಪ್ಯಾನಲ್‌ಗಳ ಒಟ್ಟು ಶಾರ್ಟ್ ಸರ್ಕ್ಯೂಟ್ ಕರೆಂಟ್ (ಎರಡು ತುದಿಗಳನ್ನು ನೇರವಾಗಿ ಸೇರಿಸಿದಾಗ ಹರಿಯುವ ಕರೆಂಟ್) 35 ಆಂಪಿನೊಳಗೆ ಇದ್ದರೆ (ನಮ್ಮದು ಸುಮಾರು 28) ಕಂಟ್ರೋಲರ್ ತನಗೆ ಬೇಕಾದಷ್ಟನ್ನು ಮಾತ್ರ ಎಳೆದುಕೊಳ್ಳುತ್ತದೆ. ಮಾರ್ಚ್ ತಿಂಗಳ ನಡುಮಧ್ಯಾಹ್ನ ಒಂದಿಷ್ಟು ಶಕ್ತಿ ಪ್ಯಾನಲಿನಲ್ಲೇ ಉಳಿದುಹೋಗುತ್ತದೆ, ನಿಜ. ಆ ಹೊತ್ತಿಗೆ ಬ್ಯಾಟರಿ ಹೇಗೂ ತುಂಬಿರುತ್ತದೆ. ಜುಲೈಯಲ್ಲಿ ಮೋಡ ಕವಿದು ಪ್ಯಾನಲ್ ತನ್ನ ಸಾಮರ್ಥ್ಯದ ಹತ್ತರಲ್ಲೊಂದು ಪಾಲನ್ನು ಕೊಡಲೂ ತಿಣುಕುವಾಗ, 1,080ರ ಹತ್ತರಲ್ಲೊಂದು ಪಾಲಿಗೂ 540ರ ಹತ್ತರಲ್ಲೊಂದು ಪಾಲಿಗೂ ಇರುವ ಅಂತರ ರಾತ್ರಿ ಫ್ರಿಜ್ ಓಡುತ್ತದೆಯೇ ಇಲ್ಲವೇ ಎಂಬುದನ್ನು ತೀರ್ಮಾನಿಸುತ್ತದೆ. ಮಳೆನಾಡಿನಲ್ಲಿ ಕಂಟ್ರೋಲರಿನ ಆಂಪ್ ಹೆಚ್ಚಿಸುವುದಕ್ಕೆ ಹಾಕುವ ಹಣವನ್ನು ಇನ್ನೊಂದು ಪ್ಯಾನಲಿಗೆ ಹಾಕುವುದೇ ಲೇಸು.

ಬೆಲೆಗೆ ತಕ್ಕ ವಸ್ತುವೆಂದು ನನಗೆ ಅನಿಸಿದ್ದು ಪರಿವರ್ತನೆಯ ದಕ್ಷತೆಯಿಂದಲ್ಲ, ಬ್ಯಾಟರಿಯನ್ನು ಅದು ನಡೆಸಿಕೊಳ್ಳುವ ರೀತಿಯಿಂದ. ಬ್ಲೂಟೂತ್ ಒಳಗೇ ಇದೆ. ವಿಕ್ಟ್ರಾನ್‌ಕನೆಕ್ಟ್ ಎಂಬ ಆ್ಯಪ್ ಮೂಲಕ ಪ್ರತಿಯೊಂದು ವೋಲ್ಟೇಜನ್ನೂ ಬದಲಿಸಬಹುದು. ಕಾರ್ಖಾನೆಯ ಹೊಂದಾಣಿಕೆಯಲ್ಲಿ ಅಬ್ಸಾರ್ಪ್‌ಶನ್ (ಬ್ಯಾಟರಿಯನ್ನು ಪೂರ್ತಿ ತುಂಬಿಸುವ ಹಂತ) 28.8, ಫ್ಲೋಟ್ (ತುಂಬಿದ ಮೇಲೆ ಹಾಗೆಯೇ ಕಾಯ್ದಿಡುವ ಹಂತ) 27.6 ವೋಲ್ಟ್ ಇರುತ್ತದೆ. ನೀರು ಹಾಕುವ ಟ್ಯೂಬ್ಯುಲರ್ ಬ್ಯಾಟರಿಗೆ ಎಷ್ಟಿರಬೇಕೆಂಬುದನ್ನು ಬ್ಯಾಟರಿ ತಯಾರಕರ ಕೈಪಿಡಿ ನೋಡಿಯೇ ನಿರ್ಧರಿಸಬೇಕು. ಇಂಥ ಬ್ಯಾಟರಿಗೆ ಆಗಾಗ ಈಕ್ವಲೈಸೇಶನ್, ಅಂದರೆ ತುಸು ಏರಿದ ವೋಲ್ಟೇಜಿನಲ್ಲಿ ಆ್ಯಸಿಡ್ಡನ್ನು ಕದಡುವ ಚಾರ್ಜ್ ಬೇಕು. ಆದರೆ ಈ ಉಪಕರಣದಲ್ಲಿ ಸ್ವಯಂಚಾಲಿತ ಈಕ್ವಲೈಸೇಶನ್ ಆರಂಭದಲ್ಲಿ ಬಂದ್ ಆಗಿರುತ್ತದೆ, ನಾವೇ ಚಾಲೂ ಮಾಡಬೇಕು. ಮಳೆಗಾಲದಲ್ಲಿ ವಾರಗಟ್ಟಲೆ ಅರೆಬರೆ ತುಂಬಿದ ಬ್ಯಾಟರಿಯ ಪ್ಲೇಟುಗಳಲ್ಲಿ ಸಲ್ಫೇಟ್ ಕಟ್ಟಿಕೊಳ್ಳುವುದರಿಂದ ಅಕ್ಟೋಬರ್ ತಿಂಗಳ ಮೊದಲ ಒಳ್ಳೆಯ ಬಿಸಿಲಿನ ದಿನಗಳಲ್ಲಿ ಇದನ್ನು ಮಾಡುವುದು ಉತ್ತಮ. ಮಾಡುವ ಮೊದಲು ಡಿಸ್ಟಿಲ್ಡ್ ವಾಟರ್ ಮಟ್ಟ ನೋಡುವುದು, ಕೋಣೆಯ ಕಿಟಕಿ ತೆರೆದಿಡುವುದು ಅಗತ್ಯ. ಚಾರ್ಜಿಂಗ್ ಕರೆಂಟಿಗೂ ಮಿತಿ ಹಾಕಬಹುದು. 30 ಆಂಪ್ ಎಂದರೆ 150 ಎಎಚ್ ಬ್ಯಾಟರಿಯ ಶೇ. 20, ಅದು ಮೇಲಿನ ಅಂಚು ಎಂದು ಭಾವಿಸಿ ನಾವು 25ಕ್ಕೆ ಇಳಿಸಿದ್ದೇವೆ.

ಉಷ್ಣತೆ ಏರಿದಂತೆ ಚಾರ್ಜಿಂಗ್ ವೋಲ್ಟೇಜನ್ನು ತಗ್ಗಿಸುವ ವ್ಯವಸ್ಥೆಯೂ ಇದೆ: 24 ವೋಲ್ಟಿನಲ್ಲಿ ಒಂದು ಡಿಗ್ರಿಗೆ 32 ಮಿಲಿವೋಲ್ಟ್. ಆದರೆ ಕಂಟ್ರೋಲರ್ ಅಳೆಯುವುದು ತಾನಿರುವ ಜಾಗದ ಉಷ್ಣತೆಯನ್ನು, ಬ್ಯಾಟರಿಯದ್ದನ್ನಲ್ಲ. ಕಂಟ್ರೋಲರ್ ಹೆಂಚಿನ ಕೆಳಗಿನ ಅಟ್ಟದಲ್ಲಿ, ಬ್ಯಾಟರಿ ಕೆಳಗಿನ ತಂಪು ಕೋಣೆಯಲ್ಲಿ ಇದ್ದರೆ ಲೆಕ್ಕ ತಪ್ಪುತ್ತದೆ. ಎರಡನ್ನೂ ಒಂದೇ ಕೋಣೆಯಲ್ಲಿಡಬೇಕು, ಇಲ್ಲವೇ ಬ್ಯಾಟರಿಗೆ ಅಂಟಿಸುವ ಸ್ಮಾರ್ಟ್ ಬ್ಯಾಟರಿ ಸೆನ್ಸ್ ಎಂಬ ನಿಸ್ತಂತು ಸಂವೇದಕವನ್ನು ಬೇರೆಯಾಗಿ ಕೊಳ್ಳಬೇಕು. ಈ ಬೆಲೆಯಲ್ಲಿ ಅದನ್ನು ಜೊತೆಗೇ ಕೊಡಬಹುದಿತ್ತು.

ಕೊರತೆಗಳು ಇನ್ನೂ ಇವೆ. ಮೈಮೇಲೆ ಪರದೆಯಿಲ್ಲ, ಕೆಲವು ಎಲ್‌ಇಡಿಗಳಷ್ಟೇ. ಆ್ಯಪ್‌ನಲ್ಲಿ 30 ದಿನಗಳ ದಾಖಲೆ ಸೊಗಸಾಗಿ ಕಾಣುತ್ತದೆ, ಆದರೆ ತೋಟದ ಮನೆಯಲ್ಲಿ ಇರುವವರು ಬಹುಪಾಲು ಹಿರಿಯರು. ‘ಇವತ್ತು ಬ್ಯಾಟರಿ ತುಂಬಿತೇ?’ ಎಂಬುದನ್ನು ತಿಳಿಯಲು ಅವರು ಸ್ಮಾರ್ಟ್‌ಫೋನ್ ಹುಡುಕಬೇಕೆಂಬುದು ನನಗೆ ಸರಿಯೆನಿಸದು. ಎಂಪಿಪಿಟಿ ಕಂಟ್ರೋಲ್ ಎಂಬ ಬೇರೆ ಪರದೆ ಇದೆ, ಅದಕ್ಕೂ ಅದರ ಕೇಬಲ್ಲಿಗೂ ಪ್ರತ್ಯೇಕ ಹಣ. ಇನ್ನೊಂದು, ಇದೇ ಸರಣಿಯ ಚಿಕ್ಕ ಮಾದರಿಗಳಾದ 75/15, 100/20ರಲ್ಲಿರುವ ಲೋಡ್ ಟರ್ಮಿನಲ್ 100/30ರಲ್ಲಿ ಇಲ್ಲ. ಡಿಸಿ ದೀಪಗಳನ್ನು ಉರಿಸಿ, ಬ್ಯಾಟರಿ ಇಳಿದಾಗ ತಾನೇ ಕಡಿಯಬೇಕೆಂದರೆ ಹೊರಗಿನ ಸಾಧನ ಬೇಕು. ಎಲ್ಲವನ್ನೂ ಇನ್ವರ್ಟರ್ ಮೂಲಕವೇ ನಡೆಸುವವರಿಗೆ ಇದರಿಂದ ಬಾಧೆಯಿಲ್ಲ.

ಈ ಎರಡು ಕಾರಣಗಳಿಗಾಗಿ ಚೀನಾದ ಇಪಿಎವರ್ ಕಂಪನಿಯ ಟ್ರೇಸರ್ 4210ಎಎನ್ ಕಡೆಗೆ ಒಲಿಯುವವರಿದ್ದಾರೆ, ಅವರನ್ನು ತಪ್ಪೆನ್ನಲಾಗದು. ಅದರಲ್ಲಿ 40 ಆಂಪ್, ಪರದೆ, ಲೋಡ್ ಟರ್ಮಿನಲ್ ಮೂರೂ ಇವೆ, ಬೆಲೆಯೂ ಕಡಿಮೆ. ಅದರ ಕೈಪಿಡಿಯ ಒಂದು ಸಾಲು ನನಗೆ ಬಹಳ ಹಿಡಿಸಿತು: ಪ್ಯಾನಲ್ ವೋಲ್ಟೇಜಿನ ಮಿತಿಯನ್ನು ಅತಿ ಕಡಿಮೆ ಉಷ್ಣತೆಯಲ್ಲಿ 100, 25 ಡಿಗ್ರಿಯಲ್ಲಿ 92 ಎಂದು ಎರಡಾಗಿ ಬರೆದಿದ್ದಾರೆ. ಚೀಟಿಯ ಅಂಕಿಯನ್ನಷ್ಟೇ ಕೂಡಿಸುವವರನ್ನು ಆ 92 ಕಾಪಾಡುತ್ತದೆ.

ಜೋಡಣೆಯ ಬಗ್ಗೆ ಸ್ವಲ್ಪ. ಮೊದಲು ಬ್ಯಾಟರಿಯನ್ನು, ಆಮೇಲೆ ಪ್ಯಾನಲನ್ನು ಜೋಡಿಸಬೇಕು. ಬಿಚ್ಚುವಾಗ ಪ್ಯಾನಲ್ ಮೊದಲು. ಇದಕ್ಕೆ ಫ್ಯಾನ್ ಇಲ್ಲ, ಹಾಗಾಗಿ ನೆಟ್ಟಗೆ ಗೋಡೆಗೆ ಹಾಕಿ ಮೇಲೆ ಕೆಳಗೆ ಹತ್ತು ಸೆಂಟಿಮೀಟರ್ ಜಾಗ ಬಿಡಬೇಕು. ಒಳಗಿನ ಸರ್ಕ್ಯೂಟಿಗೆ ಐಪಿ43 ರಕ್ಷಣೆಯಿದ್ದರೂ (ಐಪಿ ಎಂಬುದು ಹೊರವಸ್ತು, ನೀರು ಒಳಹೋಗದಂತಿರುವ ರಕ್ಷಣೆಯ ಅಳತೆ) ತಂತಿ ಜೋಡಿಸುವ ಭಾಗಕ್ಕೆ ಐಪಿ22 ಮಾತ್ರ. ಇರುವೆ, ಹಲ್ಲಿ, ಮಳೆಗಾಲದ ತೇವ ಮೂರೂ ಇರುವ ಮನೆಯಲ್ಲಿ ಗಾಳಿಯಾಡುವ, ಜಾಲರಿ ಹಾಕಿದ ಪೆಟ್ಟಿಗೆಯೊಂದನ್ನು ಮಾಡಿಸುವುದು ಮೇಲು. ಬ್ಯಾಟರಿಯ ಕಡೆಯ ತಂತಿ ಚಿಕ್ಕದಾಗಿ ದಪ್ಪವಾಗಿರಬೇಕು. ಟರ್ಮಿನಲ್ 16 ಸ್ಕ್ವೇರ್ ಎಂಎಂ ತಂತಿಯನ್ನು ಹಿಡಿಯುತ್ತದೆ, ಅದನ್ನೇ ಹಾಕಬೇಕು, ಬ್ಯಾಟರಿಯ ಹತ್ತಿರ ಫ್ಯೂಸ್ ಇರಬೇಕು.

ಪ್ಯಾನಲ್ ದೂರವಿದ್ದರೆ ಮಾತ್ರ ಆಯ್ಕೆ ಬದಲಾಗುತ್ತದೆ. ಹತ್ತು ಮೀಟರ್ ದೂರಕ್ಕೆ 6 ಸ್ಕ್ವೇರ್ ಎಂಎಂ ತಂತಿಯಲ್ಲಿ, ನಮ್ಮಂತೆ ಪ್ಯಾರಲಲ್ ಜೋಡಿಸಿದಾಗ, ಪೂರ್ಣ ಬಿಸಿಲಿನಲ್ಲಿ ಶೇ. 4ರಷ್ಟು ತಂತಿಯಲ್ಲೇ ಸೋರುತ್ತದೆ. ಸಿರೀಸ್ ಆದರೆ ಕರೆಂಟು ಅರ್ಧವಾಗಿ ಸೋರಿಕೆ ಶೇ. 1ಕ್ಕೆ ಇಳಿಯುತ್ತದೆ. ಮರದ ನೆರಳು ತಪ್ಪಿಸಲು ಪ್ಯಾನಲ್‌ಗಳನ್ನು ತೋಟದಾಚೆಯ ಬಯಲಿನಲ್ಲಿ ನಿಲ್ಲಿಸುವವರು, ಅಥವಾ ಮುಂದೊಂದು ದಿನ 48 ವೋಲ್ಟಿನ ಬ್ಯಾಟರಿಗೆ ಹೋಗುವ ಆಲೋಚನೆಯಿರುವವರು, 12 ಮತ್ತು 24 ವೋಲ್ಟಿಗಷ್ಟೇ ಒಗ್ಗುವ ಈ 100/30ನ್ನು ಬಿಟ್ಟು ಇದೇ ಕಂಪನಿಯ 150/35 ಕೊಳ್ಳಬೇಕು. ಅದು 48 ವೋಲ್ಟಿಗೂ ನಡೆಯುತ್ತದೆ, ನಮ್ಮ 540 ವ್ಯಾಟಿನ ಎರಡು ಪ್ಯಾನಲ್‌ಗಳು ಸಿರೀಸ್‌ನಲ್ಲಿ ನಿಂತು 103 ವೋಲ್ಟಿಗೆ ಏರಿದರೂ ಅದಕ್ಕೆ ಇನ್ನೂ 47 ವೋಲ್ಟಿನ ಅವಕಾಶ ಉಳಿದಿರುತ್ತದೆ.