ಲೈನ್ ಕೋಚ್ ನಡೆಸಿದ ಎರಡು ದಿನದ ಕ್ಯಾಂಪ್: ಒಬ್ಬ ಗಾರ್ಡ್‌ನ ಅಮ್ಮನ ಅನುಭವ

ನಾವು ಇರುವುದು ಓಹಾಯೋದಲ್ಲಿ. ಮಗ ಹತ್ತನೇ ಕ್ಲಾಸ್, ಹೈಸ್ಕೂಲ್ ಫುಟ್‌ಬಾಲ್ ಟೀಮಿನಲ್ಲಿ ಎಡ ಗಾರ್ಡ್. ಅಮೆರಿಕನ್ ಫುಟ್‌ಬಾಲ್ ನೋಡದವರಿಗೆ ಹೇಳುವುದಾದರೆ, ಆಫೆನ್ಸಿವ್ ಲೈನ್ ಅಂದರೆ ಐದು ಜನ. ನಡುವೆ ಸೆಂಟರ್, ಅವನ ಎರಡೂ ಬದಿಗೆ ಗಾರ್ಡ್, ತುದಿಗಳಲ್ಲಿ ಟ್ಯಾಕಲ್. ಸೆಂಟರ್ ಬಿಟ್ಟರೆ ಉಳಿದವರ ಕೈಗೆ ಚೆಂಡು ಸಿಗುವುದೇ ಅಪರೂಪ. ಎದುರಿನವರನ್ನು ತಡೆದು ದಾರಿ ಮಾಡಿಕೊಡುವುದೇ ಅವರ ಕೆಲಸ. ತೇರು ಎಳೆಯುವಾಗ ಗಾಲಿ ಪಕ್ಕ ಮರದ ತುಂಡು ಹಿಡಿದು ನಿಲ್ಲುತ್ತಾರಲ್ಲ, ಅವರ ಹಾಗೆ. ಜನರ ಕಣ್ಣೆಲ್ಲ ತೇರಿನ ಮೇಲೆ.

ಹೋದ ವರ್ಷ ಮಗನನ್ನು ಒಂದು ದೊಡ್ಡ ಕ್ಯಾಂಪಿಗೆ ಕಳಿಸಿದ್ದೆವು. ಅಲ್ಲಿ ಗಮನವೆಲ್ಲ ಕ್ವಾರ್ಟರ್‌ಬ್ಯಾಕ್‌ಗಳ, ಅಂದರೆ ಚೆಂಡು ಎಸೆದು ಆಟ ನಡೆಸುವ ಹುಡುಗರ ಕಡೆ. ಲೈನ್ ಹುಡುಗರು ಅರ್ಧ ದಿನ ಸುಮ್ನೆ ಪ್ಯಾಡ್ ಹಿಡಿದು ನಿಂತಿದ್ದರು. ಮಗ ಕಾರಿನಲ್ಲಿ ಒಂದು ಮಾತೂ ಆಡಲಿಲ್ಲ. ಅದಕ್ಕೇ ಈ ಸಲ ಲೈನ್ ಹುಡುಗರಿಗೆ ಮಾತ್ರ ಇರುವ ಕ್ಯಾಂಪ್ ಹುಡುಕಿದೆ. ನಡೆಸುವವರು ಕಾಲೇಜುಗಳಲ್ಲಿ 36 ವರ್ಷ ಲೈನ್ ಕೋಚ್ ಆಗಿದ್ದು ನಿವೃತ್ತರಾದವರು. ಎರಡು ದಿನಕ್ಕೆ 180 ಡಾಲರ್.

ಮೊದಲ ಎರಡು ಗಂಟೆ ಮೈದಾನದಲ್ಲಿ ಚೆಂಡೇ ಇರಲಿಲ್ಲ. ಬರೀ ನಿಲ್ಲುವುದು. ಒಂದು ಕೈ ನೆಲಕ್ಕೆ, ಬೆನ್ನು ಚಪ್ಪಟೆ, ಭಾರ ಎಲ್ಲಿರಬೇಕು, ಅಷ್ಟೇ. ಆಮೇಲೆ ಮೊದಲ ಹೆಜ್ಜೆ, ಬರೀ ಆರು ಇಂಚು. ಆಮೇಲೆ ಹುಲ್ಲಿನ ಮೇಲೆ ಉದ್ದಕ್ಕೆ ಹಲಗೆ ಇಟ್ಟು, ಅದರ ಎರಡೂ ಬದಿಗೆ ಕಾಲಿಟ್ಟುಕೊಂಡೇ ಎದುರಿನವನನ್ನು ತಳ್ಳಿಕೊಂಡು ಹೋಗಬೇಕು. ಪಾದಗಳು ಹತ್ತಿರ ಬಂದರೆ ಕಾಲು ಹಲಗೆಗೆ ಎಡವುತ್ತದೆ. ಇನ್ನೊಂದು ಕಡೆ ಚೂಟ್, ಅಂದರೆ ಕಬ್ಬಿಣದ ಪೈಪಿನ ತಗ್ಗು ಚಾವಣಿ. ಬಗ್ಗಿಕೊಂಡೇ ಅದರ ಕೆಳಗಿಂದ ನುಗ್ಗಬೇಕು. ಬೇಗ ಎದ್ದರೆ ಹೆಲ್ಮೆಟ್ ಪೈಪಿಗೆ ಬಡಿಯುತ್ತದೆ. ಲೈನಿನಲ್ಲಿ ತಗ್ಗಿ ಬಂದವನ ತಳ್ಳುವಿಕೆಗೇ ಬಲ ಜಾಸ್ತಿ. ಎತ್ತರದ ಹುಡುಗರಿಗೆ ಅದೇ ಕಷ್ಟ, ನನ್ನ ಮಗನಿಗೂ.

ಅವನ ನಿಜವಾದ ತೊಂದರೆ ಬೇರೆಯೇ ಇತ್ತು. ಮೊದಲ ಹೆಜ್ಜೆ ಉದ್ದ ಹಾಕುತ್ತಿದ್ದ. ಎದುರಿನವನು ಬಂದು ಬಡಿಯುವ ಹೊತ್ತಿಗೆ ಇವನ ಒಂದು ಕಾಲು ಇನ್ನೂ ಗಾಳಿಯಲ್ಲೇ ಇರುತ್ತಿತ್ತು. ಇದನ್ನು ಇಷ್ಟು ದಿನ ಯಾರೂ ಹೇಳಿರಲಿಲ್ಲ. ಈ ಕೋಚ್ ಮೂರನೇ ಸಲಕ್ಕೇ ಹಿಡಿದರು. ಎಪ್ಪತ್ತರ ಹತ್ತಿರದ ಮನುಷ್ಯ, ಹುಲ್ಲಿನ ಮೇಲೆ ಮಂಡಿಯೂರಿ ಮಗನ ಶೂ ಮುಂದೆ ತಮ್ಮ ಅಂಗೈ ಇಟ್ಟರು. ಅದನ್ನು ದಾಟಬಾರದು, ಇಷ್ಟೇ ಪಾಠ. ಹತ್ತು ಸಲ ಮಾಡಿಸಿದರು. ಹತ್ತೂ ಸಲ ಕೈ ತೆಗೆಯಲಿಲ್ಲ. ಬೇಲಿಯ ಹತ್ತಿರ ನಿಂತಿದ್ದ ನನಗೆ ಕಣ್ಣು ತುಂಬಿ ಬಂತು.

ಮಧ್ಯಾಹ್ನ ಕೈಗಳ ಪಾಠ. ಹೆಬ್ಬೆರಳು ಮೇಲೆ, ಮೊಣಕೈ ಪಕ್ಕೆಗೆ ಹತ್ತಿರ, ಹಿಡಿತ ಎದುರಿನವನ ಎದೆಯ ಮೇಲೆ. ಕೈ ಅಗಲ ಹೋಗಿ ಅವನನ್ನು ಹಿಡಿದೆಳೆದರೆ ಹೋಲ್ಡಿಂಗ್ ಅನ್ನುವ ಫೌಲ್, ತಂಡ ಹತ್ತು ಯಾರ್ಡ್ ಹಿಂದಕ್ಕೆ. ಎರಡನೇ ದಿನ ಗಾರ್ಡ್ ಮತ್ತು ಟ್ಯಾಕಲ್ ಸೇರಿ ಒಬ್ಬನನ್ನು ತಳ್ಳುವುದು, ನಡುವೆಯೇ ಒಬ್ಬ ಬಿಡಿಸಿಕೊಂಡು, ಎದುರು ತಂಡದ ಸಾಲಿನ ಹಿಂದೆ ನಿಲ್ಲುವ ಲೈನ್‌ಬ್ಯಾಕರ್ ಕಡೆ ಹೋಗುವುದು. ಯಾರು ಯಾವಾಗ ಬಿಡಬೇಕು ಅನ್ನುವುದನ್ನು ಭುಜದ ಒತ್ತಡದಿಂದಲೇ ತಿಳಿಯಬೇಕಂತೆ. ನೋಡಲು ತುಂಬಾ ಚಂದ.

ಊಟದ ಹೊತ್ತಿನಲ್ಲಿ ಕೋಚ್ ಅಪ್ಪ ಅಮ್ಮಂದಿರ ಜೊತೆ ಕೂತು ಮಾತಾಡಿದರು. ಗ್ರ್ಯಾಜುಯೇಟ್ ಅಸಿಸ್ಟೆಂಟ್, ಅಂದರೆ ಓದುತ್ತಲೇ ಕೆಲಸ ಕಲಿಯುವ ಸಹಾಯಕ ಆಗಿ ಶುರು ಮಾಡಿದ್ದು. ಆಮೇಲೆ ಒಂಬತ್ತು ಕಾಲೇಜು, ಅಷ್ಟೇ ಊರು. ಹೆಡ್ ಕೋಚನ್ನು ತೆಗೆದರೆ ಉಳಿದ ಕೋಚ್‌ಗಳೂ ಸಾಮಾನ್ಯವಾಗಿ ಗಂಟುಮೂಟೆ ಕಟ್ಟಬೇಕು. ಅವರ ಮಗಳು ಹೈಸ್ಕೂಲ್ ಮುಗಿಸುವಷ್ಟರಲ್ಲಿ ಮೂರು ಶಾಲೆ ಬದಲಾಗಿತ್ತಂತೆ. ಲೈನ್ ಕೋಚ್ ಮಿಲ್ಟ್ ಟೆನೊಪಿರ್ ಹಾಗೆ ನೆಬ್ರಾಸ್ಕಾ ವಿಶ್ವವಿದ್ಯಾಲಯದಲ್ಲಿ 1974ರಿಂದ 2002ರವರೆಗೆ ಒಂದೇ ಕಡೆ ಇರುವುದು ತೀರಾ ಅಪರೂಪ. ಕರ್ಕ್ ಫೆರೆಂಟ್ಜ್ ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯದಲ್ಲಿ ಲೈನ್ ಕೋಚ್ ಜೋ ಮೂರ್ ಕೈಕೆಳಗೆ ಕಲಿತು, ಅಯೋವಾ ವಿಶ್ವವಿದ್ಯಾಲಯದಲ್ಲಿ ಲೈನ್ ಕೋಚ್ ಆಗಿ, 1999ರಲ್ಲಿ ಅಲ್ಲೇ ಹೆಡ್ ಕೋಚ್ ಆದರು. ಅಂಥ ದಾರಿಯೂ ಎಲ್ಲರಿಗೂ ಸಿಗುವುದಿಲ್ಲ. ಆ ಜೋ ಮೂರ್ ಹೆಸರಲ್ಲೇ 2015ರಿಂದ ದೇಶದ ಅತ್ಯುತ್ತಮ ಕಾಲೇಜು ಲೈನಿಗೆ ಪ್ರಶಸ್ತಿ ಕೊಡುತ್ತಾರೆ. ಒಬ್ಬನಿಗಲ್ಲ, ಇಡೀ ಲೈನಿಗೆ. 2024ರಲ್ಲಿ ಅದು ಆರ್ಮಿ, ಅಂದರೆ ವೆಸ್ಟ್ ಪಾಯಿಂಟ್ ಸೇನಾ ಅಕಾಡೆಮಿಯ ತಂಡಕ್ಕೆ ಬಂತು. ಇದನ್ನು ಹೇಳುವಾಗ ಅವರ ಮುಖ ನೋಡಬೇಕಿತ್ತು.

ಕೊರತೆಗಳೂ ಇವೆ. ಮೈದಾನದಲ್ಲಿ ಎಲ್ಲೂ ನೆರಳಿಲ್ಲ, ಜೂನ್ ಬಿಸಿಲು. ಅಷ್ಟು ಹುಡುಗರಿಗೆ ಒಂದೇ ನೀರಿನ ಡ್ರಮ್, ಹನ್ನೊಂದಕ್ಕೆಲ್ಲ ಖಾಲಿ. ಇದು ಸಣ್ಣ ವಿಷಯ ಅಲ್ಲ, ಹೆಲ್ಮೆಟ್ ಹಾಕಿಕೊಂಡು ಓಡುವ ಮಕ್ಕಳಿವು. ಕೊನೆಯ ಮಧ್ಯಾಹ್ನ ಪಾಸ್ ಬ್ಲಾಕಿಂಗ್, ಅಂದರೆ ಚೆಂಡು ಎಸೆಯುವವನನ್ನು ಕಾಯುವ ಪಾಠ ಅವಸರವಾಯಿತು. ಹಿಂದಕ್ಕೆ ಜಾರುತ್ತಾ ತಡೆಯುವ ಕಿಕ್ ಸ್ಲೈಡ್ ಕಲಿಯಲು ಒಬ್ಬೊಬ್ಬನಿಗೆ ನಾಲ್ಕೇ ಅವಕಾಶ. ಟ್ಯಾಕಲ್ ಆಡುವ ಹುಡುಗರಿಗೆ ಅದೇ ಮುಖ್ಯ, ಅವರಿಗೆ ಬೇಸರವಾಗಿದ್ದು ನ್ಯಾಯವೇ. ಕಳಿಸುತ್ತೇವೆ ಅಂದಿದ್ದ ವಿಡಿಯೋ ಬಂದದ್ದು ಮೂರು ವಾರದ ಮೇಲೆ.

ಒಂದು ವರ್ಷವಾದರೂ ಲೈನಿನಲ್ಲಿ ಆಡಿದವರಿಗೆ ಈ ಕ್ಯಾಂಪ್ ಸರಿ. ಹೊಸಬರಿಗೆ ಅದೇ ಹೆಜ್ಜೆ ಮತ್ತೆ ಮತ್ತೆ ಹಾಕುವುದು ಯಾಕೆ ಅಂತ ಗೊತ್ತಾಗದೆ ಬೇಜಾರಾಗಬಹುದು. ಹೆಲ್ಮೆಟ್, ಮೌತ್‌ಗಾರ್ಡ್ ನಾವೇ ಒಯ್ಯಬೇಕು.

ಆಗಸ್ಟ್‌ನ ಮೊದಲ ಮ್ಯಾಚಿನಲ್ಲಿ ನಾನು ಚೆಂಡು ನೋಡಲಿಲ್ಲ. ಮಗನ ಎಡಗಾಲನ್ನೇ ನೋಡಿದೆ. ಹೆಜ್ಜೆ ಚಿಕ್ಕದಾಗಿತ್ತು. ಮುಂದಿನ ಜೂನ್‌ಗೂ ಹೆಸರು ಕೊಟ್ಟಿದ್ದೇವೆ. ನೀರಿನ ಎರಡು ದೊಡ್ಡ ಕ್ಯಾನ್ ನಾನೇ ಒಯ್ಯುತ್ತೇನೆ ಅಂತ ಅವರಿಗೆ ಬರೆದಿದ್ದೇನೆ.